ಒಂದು ಚಮಚ ಮೊಸರು

"ತಾಯಿ, ಕೊಡುವ ಕೈಗೆ ಅಳತೆ ಯಾಕೆ ಬೇಕು?" ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಮೊಸರನ್ನದ ಬೋಗುಣಿ ಇತ್ತು. ಅಂದು ಆಶ್ರಮದಲ್ಲಿ ಭಕ್ತರೊಬ್ಬರು ಮಾಡಿಸಿದ ಊಟದಲ್ಲಿ ಮಿಕ್ಕದ್ದು. ಮೇಲೆಲ್ಲ ಒಗ್ಗರಣೆ, ಗೋಡಂಬಿ, ಒಣದ್ರಾಕ್ಷಿ. ಅವನ ಕಾಲ ಬಳಿ ಒಂದು ನಾಯಿಮರಿ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಗುರುತಾಯಿ ಬೋಗುಣಿಯ ಬಾಯಿಗೆ ತಮ್ಮ ಅಂಗೈ ಅಡ್ಡ ಹಿಡಿದಿದ್ದರು.

"ಇದನ್ನು ನೀನು ಕೇಳುತ್ತಿರುವುದು ಮೂರನೆಯ ಸಲ," ಎಂದರು ಗುರುತಾಯಿ. "ಮೊದಲನೆಯ ಸಲ ಬಾಯಲ್ಲಿ ಹೇಳಿದೆ. ಎರಡನೆಯ ಸಲ ಗೋಡೆಯ ಮೇಲೆ ಬರೆದೆ. ನೀನು ಓದಿದೆ, ತಲೆಯಾಡಿಸಿದೆ. ಇವತ್ತು ಮತ್ತೆ ಬೋಗುಣಿ ಹಿಡಿದು ಬಂದಿದ್ದೀಯೆ. ನಿನಗೆ ಕಿವಿ ಇಲ್ಲವೋ, ಕಣ್ಣಿಲ್ಲವೋ?"

"ಬಂದವರು ಆಡಿಕೊಳ್ಳುತ್ತಾರೆ, ತಾಯಿ. ಇಷ್ಟು ಎಮ್ಮೆ ಇರುವ ಜಾಗದಲ್ಲಿ ನಾಯಿಗೆ ಒಂದು ಚಮಚ ಮೊಸರೇ ಎನ್ನುತ್ತಾರೆ. ನನಗೆ ನಾಚಿಕೆಯಾಗುತ್ತದೆ."

ಗುರುತಾಯಿ ಬೋಗುಣಿಯನ್ನು ಕಸಿದು ತಮ್ಮ ಹಿಂದೆ ಇಟ್ಟುಕೊಂಡರು.

"ಹಾಗಾದರೆ ನಿನ್ನ ಸಂಕಟ ನಾಯಿಯ ಹಸಿವಲ್ಲ. ಕೂತುಕೋ," ಎಂದು ಈ ಕತೆ ಹೇಳಿದರು.

ಒಬ್ಬ ಹೆಂಗಸು ಇದ್ದಳು. ಗಂಡ ತೀರಿಕೊಂಡ ವರ್ಷ ಅವಳು ಅವನ ಮನೆಯನ್ನು ಬಿಟ್ಟು ಹೊರಟಳು. ಜೊತೆಗೆ ಬಂದದ್ದು ಒಂದು ಎಮ್ಮೆ, ಒಂದು ನಾಯಿ. ಗಂಡನ ಅಣ್ಣ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿದ.

"ಹೋಗ್ಲಿ ಬಿಡಿ. ಒಂದು ನಾಯಿ ಸಾಕೋಕೂ ಇವಳ ಕೈಲಿ ಆಗಲ್ಲ. ಮೂರು ತಿಂಗಳಿಗೆ ಇದೇ ಬಾಗಿಲಿಗೆ ಬರ್ತಾಳೆ, ನೋಡ್ತಿರಿ."

ಅವಳು ಬರಲಿಲ್ಲ. ಇನ್ನೊಂದು ಊರಿನಲ್ಲಿ ಒಂದು ಹಾಳು ಕೊಟ್ಟಿಗೆ ಹಿಡಿದಳು. ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡಿದಳು, ಕುಡಿಕೆ ಹೊತ್ತು ಬೀದಿ ಬೀದಿ ಮಾರಿದಳು. ಅವಳು ಹೊರಗೆ ಹೋದಾಗ ಎಮ್ಮೆಯನ್ನು ಕಾಯುತ್ತಿದ್ದದ್ದು ಆ ನಾಯಿ. ಅದು ಇಲ್ಲದಿದ್ದರೆ ಎಮ್ಮೆ ಉಳಿಯುತ್ತಿರಲಿಲ್ಲ. ಎಮ್ಮೆ ಉಳಿಯದಿದ್ದರೆ ಅವಳು ಭಾವನ ಬಾಗಿಲಿಗೇ ಹೋಗಬೇಕಿತ್ತು.

ಒಂದು ಬೇಸಿಗೆಯಲ್ಲಿ ನಾಯಿ ಊಟ ಬಿಟ್ಟಿತು. ಅವಳು ಅದನ್ನು ಪಶುವೈದ್ಯನ ಬಳಿಗೆ ಕರೆದೊಯ್ದಳು. ಬಿಸಿಲಿಗೆ ಹೀಗಾಗಿದೆ, ಸ್ವಲ್ಪ ಮೊಸರು ಕೊಡಬಹುದು ಎಂದು ಅವನು ಒಂದು ಚೀಟಿ ಬರೆದುಕೊಟ್ಟ. ಅವಳಿಗೆ ಓದು ಬರುತ್ತಿರಲಿಲ್ಲ. ಅಂಗಡಿಯವನ ಹತ್ತಿರ ಓದಿಸಿದಳು. ಸಪ್ಪೆ ಮೊಸರು ಮಾತ್ರ. ಹೆಚ್ಚು ಹುಳಿಯಾಗಿರಬಾರದು. ಮೊದಲ ದಿನ ಒಂದೇ ಚಮಚ. ಹೊಟ್ಟೆ ಕೆಟ್ಟರೆ ನಿಲ್ಲಿಸಿ, ಕೆಡದಿದ್ದರೆ ದಿನಕ್ಕೊಂದು ಚಮಚ ಸಾಕು. ಇಷ್ಟು ಓದುವಷ್ಟರಲ್ಲಿ ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ನಾಯಿಗೂ ಚೀಟಿಯೇ ಎಂದು ಅದನ್ನು ಅವಳ ಕೈಗೆ ತುರುಕಿದ.

ಚೀಟಿಯಲ್ಲಿ ಇನ್ನೂ ನಾಲ್ಕು ಸಾಲು ಉಳಿದಿದ್ದವು. ಆ ನಾಲ್ಕು ಸಾಲಿಗಾಗಿ ಅವಳು ಅಕ್ಷರ ಕಲಿತಳು. ಬಸ್ಸಿನ ಬೋರ್ಡು ನೋಡಿ ಕಲಿತಳು, ಪೊಟ್ಟಣ ಕಟ್ಟಿದ ಕಾಗದ ನೋಡಿ ಕಲಿತಳು. ಯಾರನ್ನೂ ಕೇಳಲಿಲ್ಲ. ಐದು ತಿಂಗಳ ಮೇಲೆ ಒಂದು ದಿನ ಚೀಟಿ ಬಿಡಿಸಿ ತಾನೇ ಓದಿದಳು. ಸಕ್ಕರೆ, ಉಪ್ಪು, ಒಗ್ಗರಣೆ ಬೇಡ. ಈರುಳ್ಳಿ ಬೇಡವೇ ಬೇಡ. ದ್ರಾಕ್ಷಿ ನಾಯಿಗೆ ವಿಷ, ಹಸಿಯದ್ದಾಗಲಿ ಒಣಗಿದ್ದಾಗಲಿ. ತಿಂದರೆ ಕಾಯಬೇಡಿ, ಆ ಕ್ಷಣವೇ ಕರೆತನ್ನಿ.

ಅವಳು ಒಂದು ಚಮಚವನ್ನು ನಾಯಿಗೆಂದೇ ಇಟ್ಟಳು. ಅದು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಚಮಚ ಕೈಗೆ ಬಂದರೆ ನಾಯಿ ಕೂರುತ್ತಿತ್ತು. ಚಮಚವಿಲ್ಲದೆ ಯಾರು ಏನು ಹಾಕಿದರೂ ಮೂಸಿ ಬಿಡುತ್ತಿತ್ತು. ಮೊಸರು ಕೊಳ್ಳಲು ಬಂದವರು ಬಾಳೆಹಣ್ಣು ಕಲಸಿ ತರುತ್ತಿದ್ದರು, ಬೆಲ್ಲ ಕಲಸಿ ತರುತ್ತಿದ್ದರು. ಒಂದು ತುತ್ತಿಗೆ ಏನಾಗುತ್ತೆ ಎನ್ನುತ್ತಿದ್ದರು. ಅವಳು ಒಬ್ಬೊಬ್ಬರ ಜೊತೆಗೂ ಜಗಳವಾಡಿದಳು. ಬೀದಿಯವರು ಅವಳಿಗೆ ಚಮಚದಕ್ಕ ಎಂದು ಹೆಸರಿಟ್ಟರು. ಅವಳು ಲೆಕ್ಕಿಸಲಿಲ್ಲ.

ಏಳು ವರ್ಷ ಕಳೆಯಿತು. ಒಂದು ಎಮ್ಮೆ ಆರಾಯಿತು. ಅವಳು ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಭಾವನನ್ನು ತಾನೇ ಹೋಗಿ ಕರೆದಳು. ಅವನು ನೋಡಬೇಕಿತ್ತು. ಊಟದ ಕೊನೆಗೆ ಬಡಿಸುವ ಮೊಸರನ್ನವನ್ನು ತನ್ನ ಕೈಯಾರೆ ಕಲಸಿದಳು. ಭಾವನ ಮನೆಯಲ್ಲಿ ತನ್ನ ಎಲೆಗೆ ಎಂದೂ ಬೀಳದ ಒಣದ್ರಾಕ್ಷಿಯನ್ನು ಅದಕ್ಕೆ ಬೊಗಸೆ ತುಂಬ ಹಾಕಿದಳು.

ಭಾವ ಮನೆ ನೋಡಿದ, ಎಮ್ಮೆ ನೋಡಿದ, ಉಂಡ. ಆಡಿಕೊಳ್ಳಲು ಅವನಿಗೆ ಏನೂ ಸಿಗಲಿಲ್ಲ. ಅಷ್ಟರಲ್ಲಿ ಅವಳು ಮೊಳೆಯಿಂದ ಚಮಚ ತೆಗೆದು ನಾಯಿಗೆ ಅದರ ಮೊಸರು ಹಾಕಿದಳು. ಅವನು ನಕ್ಕ.

"ಇಷ್ಟೆಲ್ಲ ಮಾಡಿದೀಯ, ಸರಿ. ಕೈ ಮಾತ್ರ ಇನ್ನೂ ಬಡವಿಯದ್ದೇ ಉಳೀತಲ್ಲಮ್ಮ! ನಮ್ಮನೇಲಿ ನಾಯಿಗೂ ಎಲೆ ಹಾಕ್ತೀವಿ."

ಪಂಕ್ತಿಯವರೆಲ್ಲ ನಕ್ಕರು.

"ಹಾಕೋಣ, ಭಾವ," ಎಂದಳು.

ಬಾಳೆ ಎಲೆ ತಂದು ಅಂಗಳದಲ್ಲಿ ಹಾಸಿದಳು. ಪಾತ್ರೆಯಲ್ಲಿ ಉಳಿದ ಮೊಸರನ್ನವನ್ನು ಅದರ ಮೇಲೆ ಬಗ್ಗಿಸಿದಳು. ನಾಯಿ ಬಾಯಿ ಹಾಕಲಿಲ್ಲ. ಕೂತು, ಅವಳ ಕೈ ನೋಡಿತು. ಕೈಯಲ್ಲಿ ಚಮಚ ಇರಲಿಲ್ಲ.

"ತಿನ್ನು," ಎಂದಳು.

ಅವಳ ಮಾತನ್ನು ಅದು ಎಂದೂ ಮೀರಿರಲಿಲ್ಲ. ತಿಂದಿತು.

ಆಗಲೂ ಹೊತ್ತು ಮೀರಿರಲಿಲ್ಲ. ನಾಯಿಯನ್ನು ಎತ್ತಿಕೊಂಡು ಓಡಬಹುದಿತ್ತು. ಓಡಿದರೆ ಭಾವನ ಮುಂದೆ ತಪ್ಪು ಒಪ್ಪಿಕೊಂಡಂತೆ. ಅವನು ಎಲೆ ಅಡಿಕೆ ಹಾಕಿಕೊಂಡು ಸಂಜೆಯವರೆಗೆ ಜಗುಲಿಯಲ್ಲಿ ಕೂತ. ಕಾಯಬೇಡಿ ಎಂದು ಚೀಟಿಯಲ್ಲಿ ಬರೆದಿತ್ತು. ಅವಳು ಅವನು ಏಳುವುದನ್ನು ಕಾದಳು.

ಅವನು ಎದ್ದು ಹೋಗುವಾಗ ನಾಯಿ ವಾಂತಿ ಮಾಡುತ್ತಿತ್ತು. ಅವಳು ಅದನ್ನು ಹೊತ್ತು ಓಡಿದಳು. ವೈದ್ಯ ಮಾಡುವುದನ್ನೆಲ್ಲ ಮಾಡಿದ. ಮೂರನೆಯ ದಿನ ನಾಯಿಗೆ ಮೂತ್ರ ನಿಂತಿತು. ನಾಲ್ಕನೆಯ ದಿನ ಸತ್ತಿತು.

"ಬರೆದು ಕೊಟ್ಟಿದ್ದೆನಲ್ಲಮ್ಮ," ಎಂದ ವೈದ್ಯ. "ಓದೋಕೆ ಬರಲ್ವಾ ನಿಮಗೆ?"

"ಬರುತ್ತೆ," ಎಂದಳು.

ಗುರುತಾಯಿ ಕತೆ ನಿಲ್ಲಿಸಿದರು. ನಾಯಿಮರಿ ಅವರ ಬೆನ್ನ ಹಿಂದೆ ಹೋಗಿ ಬೋಗುಣಿಯನ್ನು ಮೂಸಿತು. ಅವರು ಅದನ್ನು ಕತ್ತಿನ ಚರ್ಮ ಹಿಡಿದು ಎತ್ತಿ ಮಡಿಲಿಗೆ ಹಾಕಿಕೊಂಡರು.

ಶಿಷ್ಯ ಬಗ್ಗಿ ಮರಿಯ ತಲೆ ಸವರಿದ.

"ಪಾಪ, ನಾಯಿ ಹೋಯಿತು," ಎಂದ. "ಆದರೂ ಅವಳು ಮನೆ ಕಟ್ಟಿದಳು, ಎಮ್ಮೆ ಕಟ್ಟಿದಳು, ಬೇಡಲು ಆ ಬಾಗಿಲಿಗೆ ತಿರುಗಿ ಹೋಗಲಿಲ್ಲ. ಭಾವನ ಮಾತು ಸುಳ್ಳಾಯಿತಲ್ಲ, ತಾಯಿ?"

ಗುರುತಾಯಿ ತಲೆ ಚಚ್ಚಿಕೊಂಡರು. ಆಮೇಲೆ ಕೈಚಾಚಿ ಗೋಡೆಯ ಮೊಳೆಯಿಂದ ಚಮಚ ತೆಗೆದರು. ಅದರ ಬಾಯಿ ಒಂದು ಕಡೆ ಸವೆದಿತ್ತು.

"ಈ ನೆಲ ನನ್ನದು, ಆ ಇಪ್ಪತ್ತು ಎಮ್ಮೆ ನನ್ನವು, ಈ ಚಮಚ ನನ್ನದು, ಒಂದು ನಾಯಿ ಸಾಕೋಕೂ ಇವಳ ಕೈಲಿ ಆಗಲ್ಲ ಎಂದ ನನ್ನ ಭಾವನ ಮಾತನ್ನು ನಿಜ ಮಾಡಿದವಳೂ ನಾನೇ."