ಬೆಕ್ಕಿನ ಮೊದಲ ತುತ್ತು

ಮೆಡಿಟರೇನಿಯನ್ ಬಂದರೊಂದರ ಖಾನಾವಳಿಯಲ್ಲಿ ದಿನದ ಮೊದಲ ಮೀನು ಮುದಿ ಬೆಕ್ಕಿಗೆ ಸಲ್ಲುತ್ತಿತ್ತು. ಅದು ತಿಂದರೆ ಮೀನು ತಾಜಾ ಎಂದು ನಂಬಿ ಗಿರಾಕಿಗಳು ಊಟಕ್ಕೆ ಕೂರುತ್ತಿದ್ದರು. ಒಮ್ಮೆ ಬಿರುಗಾಳಿಯಿಂದ ಮೂರು ದಿನ ದೋಣಿಗಳು ಕಡಲಿಗಿಳಿಯಲಿಲ್ಲ. ನಾಲ್ಕನೆಯ ದಿನ ಅಡುಗೆಯವನು ಹಳೆಯ ಮೀನನ್ನೇ ಮುಂದಿಟ್ಟ. ಹಸಿದ ಬೆಕ್ಕು ಮೂಸಿ ಹಿಂದೆ ಸರಿಯಿತು.

"ತಿನ್ನಜ್ಜಿ, ನಿನ್ನ ಗಂಟೇನು ಹೋಗುತ್ತದೆ?" ಎಂದು ಕಡಲಹಕ್ಕಿ ಕೆಣಕಿತು.

"ಅವರೆಲ್ಲ ನನ್ನ ಬಾಯಿ ನೋಡುತ್ತಿದ್ದಾರೆ," ಎಂದಿತು ಬೆಕ್ಕು.

"ಬಾಯಿ ನೋಡುವವರು ನಿನ್ನ ಹೊಟ್ಟೆ ನೋಡುತ್ತಾರೆಯೇ?"

ಬೆಕ್ಕು ತಿಂದಿತು. ಅದನ್ನು ಕಂಡು ಗಿರಾಕಿಗಳೂ ತಿಂದು ಹಾಸಿಗೆ ಹಿಡಿದರು.

ವಾರದ ಬಳಿಕ ಇನ್ನೂ ಮಿಡುಕುವ ಮೀನು ಬಂತು. ಬೆಕ್ಕು ಎಲ್ಲರಿಗೂ ಕಾಣುವಂತೆ ಬಾಗಿಲಲ್ಲೇ ಕುಳಿತು ತಿಂದಿತು. ಗಿರಾಕಿಗಳು ಅದನ್ನು ದಾಟಿಕೊಂಡು ಪಕ್ಕದ ಖಾನಾವಳಿಗೆ ಹೋದರು.