ಬಿಲ್ಲೆ ಮತ್ತು ನಿದ್ದೆ

ಆ ಹೊಳೆಯ ಹೆಸರು ಕೇಳಬೇಡಿ. ಈ ದಡದವರು ಒಂದು ಹೇಳುತ್ತಾರೆ, ಆ ದಡದವರು ಇನ್ನೊಂದು. ನಡುವೆ ದೊಡ್ಡ ಸುಳಿ ಇತ್ತು ಅನ್ನುವುದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ.

ಅಲ್ಲಿ ಹರಿಗೋಲು ನಡೆಸಬೇಕಾದರೆ ತೋಳಿನಲ್ಲಿ ತಾಮ್ರದ ಬಿಲ್ಲೆ ಇರಬೇಕು. ಬಿಲ್ಲೆ ಇಲ್ಲದವನ ಹರಿಗೋಲಿಗೆ ಕುರಿಯೂ ಕಾಲಿಡುತ್ತಿರಲಿಲ್ಲ. ಅದನ್ನು ಕಟ್ಟುವ ಹಕ್ಕು ಗುರು ಸೋಮಲಿಂಗಜ್ಜನೊಬ್ಬನದೇ. ಅಜ್ಜ ಮೊಸಳೆಗಳಿಗೂ ಈಜು ಕಲಿಸಿದವನು ಅಂತ ದಡದ ಮಾತು.

ಶಿಷ್ಯ ಗಾದಿಲಿಂಗ ಪ್ರತಿ ಪರೀಕ್ಷೆಯಲ್ಲೂ ಸೋತಿದ್ದ. ಅಜ್ಜ ಎದುರಿಗೆ ಕೂತು ಕಣ್ಣು ಮಿಟುಕಿಸದೆ ನೋಡುವನು. ಇವನು ಹುಟ್ಟು ಹಾಕುತ್ತ, ಅಜ್ಜನ ಹುಬ್ಬು ಏರಿತೋ ಇಳಿಯಿತೋ ಅಂತ ನೋಡುವನು. ಅಷ್ಟರಲ್ಲಿ ಹರಿಗೋಲು ಬುಗುರಿಯಂತೆ ಗಿರ್ರನೆ ತಿರುಗಿರುತ್ತಿತ್ತು.

ಈ ಸಲವೂ ಬಿಲ್ಲೆ ಸಿಗದಿದ್ದರೆ ಹುಟ್ಟು ಕೆಳಗಿಟ್ಟು ಊರಿಗೆ ಹೋಗಿಬಿಡುತ್ತೇನೆ ಅಂತ ಗಾದಿಲಿಂಗ ಹೇಳಿಯೇ ಬಿಟ್ಟ. ಹೋಗುವೆಯಂತೆ, ಮೊದಲು ನನ್ನನ್ನು ಆಚೆ ದಡ ಮುಟ್ಟಿಸು ಅಂದ ಅಜ್ಜ, ಹರಿಗೋಲು ಹತ್ತಿದ.

ದಡ ಬಿಟ್ಟರೋ ಇಲ್ಲವೋ, ಅಜ್ಜ ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಎಳೆದುಕೊಂಡು, ಕಾಲು ಮಡಚಿ ಮಲಗಿಬಿಟ್ಟ. ಗೊರಕೆಯೂ ಶುರುವಾಯಿತು.

ಗಾದಿಲಿಂಗನಿಗೆ ಅಳುವೇ ಬಂತು. ಕಡೆಯ ಪರೀಕ್ಷೆ, ನೋಡುವವರೇ ಇಲ್ಲ.

ಸುಳಿ ಹತ್ತಿರವಾಯಿತು. ನೋಡುವುದಕ್ಕೆ ಹುಬ್ಬು ಇರಲಿಲ್ಲ, ನೀರು ನೋಡಿದ. ನಿದ್ದೆ ಕೆಡದಿರಲಿ ಅಂತ ಸದ್ದಾಗದಂತೆ ಹುಟ್ಟು ಅದ್ದುತ್ತ, ಸುಳಿಯ ಅಂಚು ಹಿಡಿದು, ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ದಾಟಿಸಿದ.

ದಡ ಮುಟ್ಟಿದ ಮೇಲೂ ಎಬ್ಬಿಸಲಿಲ್ಲ. ಅಜ್ಜನ ಮೇಲೆ ಬಿಸಿಲು ಬೀಳದಂತೆ ಅಡ್ಡ ನಿಂತ. ಇಷ್ಟು ಕಾಲ ರೊಟ್ಟಿ ಹಾಕಿ, ಹುಟ್ಟು ಹಿಡಿಯಲು ಕಲಿಸಿದ ಮುದುಕ. ಬಿಲ್ಲೆ ಕೊಡದಿದ್ದರೆ ಬೇಡ, ಪಾಪ, ಕಣ್ತುಂಬ ನಿದ್ದೆಯಾದರೂ ಮಾಡಲಿ ಅನ್ನಿಸಿತು.

ಅಜ್ಜ ಎದ್ದು ಮೈ ಮುರಿದ. ಸೊಂಟದ ಗಂಟು ಬಿಚ್ಚಿ, ತಾಮ್ರದ ಬಿಲ್ಲೆ ತೆಗೆದು ಗಾದಿಲಿಂಗನ ತೋಳಿಗೆ ಕಟ್ಟಿದ.

ಗಾದಿಲಿಂಗ ಕಾಲಿಗೆ ಬಿದ್ದ. ಎದ್ದವನಿಗೆ ಸುಮ್ಮನಿರಲು ಆಗಲಿಲ್ಲ.

"ಅಜ್ಜಾರ, ನೀವು ಮಲಗಿದ್ರಿ. ನಾ ದಾಟಿಸಿದ್ದು ನೋಡೇ ಇಲ್ಲ. ಮತ್ತ ಇದು ಹೆಂಗ?"

ಅಜ್ಜ ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವನ ಕಿವಿಯ ಹತ್ತಿರ ಬಗ್ಗಿದ.

"ಸುಳಿ ದಾಟಿದ್ದೂ ಗೊತ್ತಾಗಲಿಲ್ಲ, ಹಂಗ ನಿದ್ದಿ ಹತ್ತಿತ್ತು ನನಗ. ಯಾರಿಗೂ ಹೇಳಬ್ಯಾಡ ತಮ್ಮಾ. ನನಗ ಈಜು ಬರಂಗಿಲ್ಲ."