ಮೀಸಲು ಗಡಿಗೆ ಒಡೆದ ದುಂಡವ್ವ

ಬಿಳಿಗಲ್ಲ ಮಠದ ಪರಮಪೂಜ್ಯ ಶ್ರೀ ಶಾಂತಮಲ್ಲ ಅಜ್ಜನವರಿಗೆ ಗಾದಿಯ ಮೇಲೆ ಕೂರುವ ರೂಢಿಯೇ ಇರಲಿಲ್ಲ. ದರ್ಶನಕ್ಕೆ ಬಂದವರು ಅವರನ್ನು ದಾಸೋಹದ ಮನೆಯ ಹಿಂದೆ, ಕಟ್ಟಿಗೆ ಒಟ್ಟಿದ ಚಪ್ಪರದ ನೆರಳಿನಲ್ಲಿ ಹುಡುಕಬೇಕಾಗಿತ್ತು. ಅಲ್ಲಿ ಗೋಣಿತಟ್ಟಿನ ಮೇಲೆ ಕುಳಿತು, ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದರು. ಮಧ್ಯಾಹ್ನ ಪ್ರಸಾದಕ್ಕೆ ಕುಳಿತಾಗ ಮೊದಲ ತುತ್ತನ್ನು ತೆಗೆದು ಎದುರಿನ ಚಪ್ಪಟೆ ಕಲ್ಲಿನ ಮೇಲೆ ಇಡುತ್ತಿದ್ದರು. ಆ ತುತ್ತು ಯಾರ ಬಾಯಿಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತಿತ್ತು, ಅದಕ್ಕೇ ಊರಿಗೆಲ್ಲ ಸಿಟ್ಟು.

ಅದು ಊರ ಹಾಳು ಕೋಟೆಯ ಮುಳ್ಳುಕಂಟಿಯಲ್ಲಿ ಹುಟ್ಟಿ ಅಲ್ಲೇ ಬೆಳೆದ ಹೆಣ್ಣು ಬೆಕ್ಕು. ಯಾರ ಮನೆಯದೂ ಅಲ್ಲ. ಜನ ಅದನ್ನು ಮಾರಿ ಎಂದು ಕರೆಯುತ್ತಿದ್ದರು. ನೆಲುವಿನ ಹಾಲಾಗಲಿ ಮುಚ್ಚಿಟ್ಟ ಮೊಸರಾಗಲಿ ಅದಕ್ಕೆ ನಿಲುಕದೆ ಉಳಿದದ್ದಿಲ್ಲ. ಹಿಡಿಯಲು ಹೋದವರು ರಕ್ತ ಒರೆಸಿಕೊಂಡು ಬರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕೆಂಡ ಕಾರುತ್ತಿದ್ದವಳು ಮಠದ ಹಿಂದಿನ ಓಣಿಯ ದುಂಡವ್ವ. ಹಿಂದಿನ ಬೇಸಿಗೆಯಲ್ಲಿ ಅವಳು ಕುದಿಯುವ ಎಸರನ್ನೇ ಅದರ ಬೆನ್ನಿಗೆ ಉಗ್ಗಿದ್ದಳು, ಬಾವಿಕಟ್ಟೆಯ ಮೇಲೆ ಅದನ್ನೊಂದು ಶೌರ್ಯದಂತೆ ಹೇಳಿಕೊಂಡಿದ್ದಳು.

“ಊರ ಮಂದಿ ಹಾಲಿಗೆ ಬಡಕೋತೈತಿ, ಅಜ್ಜಾರು ಕಳ್ಳಬೆಕ್ಕಿಗೆ ಉಣಸ್ತಾರ. ಉದ್ಧಾರಾತು ಬಿಡು ಈ ಮಠ,” ಎನ್ನುವುದು ಅವಳ ದಿನದ ಮಾತು.

ದುಂಡವ್ವನ ಸಿಟ್ಟಿನ ತಳದಲ್ಲಿ ಅಂಜಿಕೆಯಿತ್ತು. ಸೊಸೆ ಮಾದೇವಿಗೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಈಗಿನದಕ್ಕೆ ಏಳು ತುಂಬಿತ್ತು. ಇದಾದರೂ ದಕ್ಕಲೆಂದು ಅವಳು ಮೀಸಲು ಬೆಣ್ಣೆಯ ಹರಕೆ ಹೊತ್ತಿದ್ದಳು. ಶ್ರಾವಣ ಪೂರ್ತಿ ಮನೆಯ ಎಮ್ಮೆಯ ಬೆಣ್ಣೆಯನ್ನು ಯಾರೂ ನಾಲಿಗೆಗೆ ಹಚ್ಚದೆ, ಹೊಸ ಮಣ್ಣಿನ ಗಡಿಗೆಯಲ್ಲಿ ಕೂಡಿಟ್ಟು, ಕಡೆಯ ಸೋಮವಾರ ಮಠದ ಗದ್ದುಗೆಯ ದೀಪಕ್ಕೆ ಒಪ್ಪಿಸಬೇಕು. ಆಮೇಲೆ ಬರಿ ಗಡಿಗೆಯನ್ನು ಮನೆಗೆ ತಂದು ಬಸುರಿ ಮಲಗುವ ಕೋಣೆಯಲ್ಲಿ ಇಡಬೇಕು. ಗಡಿಗೆ ಇಡಿಯಾಗಿದ್ದರೆ ಬಸಿರು ಇಡಿಯಾಗಿ ಉಳಿಯುತ್ತದೆ, ಗಡಿಗೆ ಒಡೆದರೆ ಬಸಿರೂ ಉಳಿಯದು ಎಂದು ಆ ಊರಿನ ಹೆಂಗಸರ ನಂಬಿಕೆ. ಹರಕೆಯ ವಿಷಯದಲ್ಲಿ ಮಾದೇವಿಯನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ.

ಕಡೆಯ ಸೋಮವಾರ ಬಂತು. ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಗದ್ದುಗೆಯ ಮೆಟ್ಟಿಲಲ್ಲೇ ಬಿಚ್ಚಬೇಕು, ಯಾರು ಮೊದಲು ಬಿಚ್ಚುತ್ತಾರೋ ಅವರ ಬೆಣ್ಣೆ ಮೊದಲು ದೀಪಕ್ಕೆ ಸಲ್ಲುತ್ತದೆ. ದುಂಡವ್ವ ಬಟ್ಟೆ ಬಿಚ್ಚಿ ಗಡಿಗೆ ಇಟ್ಟಳು. ಪಕ್ಕದ ಮನೆಯ ತಾರವ್ವ ತಾನೇ ಮೊದಲು ಬಿಚ್ಚಿದ್ದೆಂದಳು. ಅಷ್ಟೇ ಸಾಕಾಯಿತು. ದೇವರಿಗೆ ಎತ್ತಿಟ್ಟ ಬೆಣ್ಣೆಯಲ್ಲೂ ನನ್ನದು ಮೊದಲು ನಿನ್ನದು ಆಮೇಲೆ ಎಂದು ಇಬ್ಬರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಗದ್ದುಗೆಯ ಮುಂದೆಯೇ ಕಾದಾಡಿದರು. ಸುತ್ತಲಿನ ಹೆಂಗಸರು ನ್ಯಾಯ ಹೇಳಲು ನಿಂತರು. ಗಡಿಗೆಯ ಕಡೆ ಕಣ್ಣಿಟ್ಟವರು ಒಬ್ಬರೂ ಇರಲಿಲ್ಲ, ಮಾರಿಯನ್ನು ಬಿಟ್ಟು.

ಪರಪರ ಸದ್ದಿಗೆ ಎಲ್ಲರೂ ತಿರುಗಿದಾಗ ಬೆಕ್ಕಿನ ತಲೆ ಕುತ್ತಿಗೆಯವರೆಗೆ ಗಡಿಗೆಯೊಳಗಿತ್ತು. ಒಳಗೆ ಹೋಗುವಾಗ ಮಡಚಿದ ಕಿವಿ ಹೊರಬರುವಾಗ ಅಡ್ಡ ನಿಂತಿತ್ತು. ಬೆಣ್ಣೆ ತುಂಬಿದ ದಪ್ಪ ಗಡಿಗೆ ಎಳೆದರೆ ಅಲುಗದು. ಹಿಂಗಾಲು ಕಲ್ಲು ಕೆರೆಯುತ್ತಿದ್ದವು.

“ಅಯ್ಯ ನನ್ನ ಮೀಸಲ!” ಎಂದು ದುಂಡವ್ವ ಎದೆ ಬಡಿದುಕೊಂಡಳು. “ಬಡೀರಿ ಅದನ್ನ. ಗಡಿಗಿಗೆ ಪೆಟ್ಟು ಬೀಳದಂಗ ಬಡೀರಿ.”

ಗಂಡಸರು ಬಡಿಗೆ ಹಿಡಿದು ಬಂದರು, ಆದರೆ ಎತ್ತಿದ ಬಡಿಗೆ ಇಳಿಯಲಿಲ್ಲ. ಬೆಕ್ಕು ಕೊಂದ ಪಾಪ ಕಾಶಿಗೆ ಹೋದರೂ ತೊಳೆಯದು ಎನ್ನುತ್ತಾರಲ್ಲ. “ಹಂಗs ಬಿಡ್ರಿ, ಈಗ ತಾನs ಸಾಯ್ತೈತಿ. ಆಮ್ಯಾಲ ಸಾವಕಾಶ ತಗದರಾತು,” ಎಂದ ಒಬ್ಬ ಹಿರಿಯ. ಎಲ್ಲರಿಗೂ ಆ ಮಾತು ಹಿಡಿಸಿತು. ಕೊಂದರೆ ಪಾಪವಂತೆ, ನಿಂತು ನೋಡುತ್ತ ಸಾಯಗೊಟ್ಟರೆ ಪಾಪವಿಲ್ಲವಂತೆ! ಹಣೆ ತುಂಬ ವಿಭೂತಿ ಬಳಿದುಕೊಂಡವರ ಧರ್ಮ ಅಂದು ಅಷ್ಟಿತ್ತು.

ಗದ್ದಲ ಕೇಳಿ ಅಜ್ಜನವರು ಎಲೆ ಬಿಟ್ಟು ಎದ್ದು ಬಂದರು. ಯಾರನ್ನೂ ಏನೂ ಕೇಳದೆ ನೆಲಕ್ಕೆ ಕುಳಿತು ಬೆಕ್ಕನ್ನು ಮಡಿಲಿಗೆ ಎಳೆದುಕೊಂಡರು. ಉಗುರುಗಳು ಅವರ ಮುಂಗೈಯನ್ನು ಹರಿದವು. ಅವರು ಕುತ್ತಿಗೆಯನ್ನು ಮೆಲ್ಲಗೆ ಅತ್ತ ಇತ್ತ ಹೊರಳಿಸಿ ನೋಡಿದರು, ತಲೆ ಬರಲಿಲ್ಲ. ಒದೆತದ ಬಿರುಸು ಕಡಿಮೆಯಾಗತೊಡಗಿತು.

“ದುಂಡವ್ವ, ಗಡಿಗಿ ನಿಂದು. ಒಡಿ,” ಎಂದರು.

ದುಂಡವ್ವನಿಗೆ ಮೈಯೆಲ್ಲ ಉರಿಯಿತು. “ಒಡದ್ರ ನನ್ನ ಸೊಸಿ ಬಸರಿಗೆ ಯಾರು ಹೊಣಿರಿ? ನೀವು ವಿರಕ್ತರು, ನಿಮಗ ಮಕ್ಕಳು ಮರಿ ಅಂದ್ರ ಏನು ಗೊತ್ತು? ಎರಡು ಕೂಸು ಮಣ್ಣಿಗೆ ಕೊಟ್ಟೀನಿ ನಾನು. ಒಂದು ಕಳ್ಳಬೆಕ್ಕಿನ ಸಲುವಾಗಿ ನನ್ನ ಮನಿ ದೀಪ ಆರಸಬ್ಯಾಡ್ರಿ ಎಪ್ಪಾ.”

ಅಜ್ಜನವರ ಎದುರು ಹಾಗೆ ಮಾತಾಡಿದವರನ್ನು ಆ ಮಠ ಕಂಡಿರಲಿಲ್ಲ. ಅಜ್ಜನವರು ಸಿಟ್ಟಾಗಲಿಲ್ಲ. ರಕ್ತ ಅವರ ಮಡಿಲಿಗೆ ತೊಟ್ಟಿಕ್ಕುತ್ತಿತ್ತು. ಕಂಬದ ಮರೆಯಲ್ಲಿ ನಿಂತಿದ್ದ ಮಾದೇವಿಯ ಕಡೆ ನೋಡಿ ಅವರು ಇಷ್ಟೇ ಅಂದರು:

“ಹರಕಿ ಇಕಿ ಸಲುವಾಗಿ ಅಲ್ಲೇನು? ಇಕಿನ್ನ ಕೇಳು.”

ಮಾದೇವಿ ಅತ್ತೆಯ ಮುಂದೆ ಎಂದೂ ದನಿ ಎತ್ತಿದವಳಲ್ಲ. ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡೇ ಮುಂದೆ ಬಂದಳು.

“ಅದು ಒದ್ದಾಡೂದು ನನಗ ಇಲ್ಲಿ ತಿಳೀಲಿಕ್ಕತ್ತೈತ್ರಿ ಅತ್ತಿ,” ಎಂದಳು. “ಒಡೀರಿ.”

ದುಂಡವ್ವ ಸೊಸೆಯ ಮುಖ ನೋಡಿದಳು. ಆಮೇಲೆ ಕಾಯಿ ಒಡೆಯುವ ಗುಂಡುಕಲ್ಲನ್ನು ಎತ್ತಿಕೊಂಡಳು. ಮೊದಲ ಪೆಟ್ಟು ನೆಲಕ್ಕೆ ಬಿತ್ತು. ಎರಡನೆಯದಕ್ಕೆ ಗಡಿಗೆ ಹೋಳಾಯಿತು. ಬೆಣ್ಣೆ ಮೆತ್ತಿದ ಮುಖವೊಂದು ಹೊರಬಂದು ಬಾಯಿ ತೆರೆದು ಉಸಿರೆಳೆದುಕೊಂಡಿತು, ಅಜ್ಜನವರ ಹೆಬ್ಬೆರಳಿನ ಬುಡಕ್ಕೆ ಹಲ್ಲೂರಿತು, ಚಂಗನೆ ನೆಗೆದು ಓಡಿಹೋಯಿತು.

“ನೋಡ್ರಿ,” ಎಂದು ದುಂಡವ್ವ ಅಳುತ್ತಲೇ ಕೂಗಿದಳು, “ಉಳಿಸಿದ ಕೈನ್ನs ಕಚ್ಚಿ ಹೋತು ರಂಡಿ!”

“ನನ್ನ ಕಚ್ಚಿಲ್ಲವ್ವ,” ಎಂದರು ಅಜ್ಜನವರು. “ಬಿಸಿನೀರು ಉಗ್ಗಿದ ಕೈ ಅಂತ ತಿಳದು ಕಚ್ಚೈತಿ.”

ಯಾರ ಕೈ ಎಂದು ಅವರು ಹೇಳಲಿಲ್ಲ. ದುಂಡವ್ವ ಒಡೆದ ಗಡಿಗೆಯ ಹೋಳುಗಳನ್ನು ಆಯ್ದು ಸೆರಗಿಗೆ ಹಾಕಿಕೊಂಡು ಮನೆಗೆ ಹೊರಟಳು.

ಆದರೆ ಅವಳು ಅಷ್ಟಕ್ಕೇ ಬಿಡುವವಳಲ್ಲ. ಮರುದಿನವೇ ಜಗಳ ತೆಗೆಯಲೆಂದು ಚಪ್ಪರಕ್ಕೆ ಬಂದಳು. ತನ್ನ ಸೊಸೆಗೇನಾದರೂ ಆದರೆ ಈ ಮಠದ ಹೊಸ್ತಿಲಲ್ಲಿ ತಲೆ ಒಡೆದುಕೊಳ್ಳುತ್ತೇನೆ ಎಂದಳು. ಅಜ್ಜನವರು ಬಾತ ಕೈ ತೋರಿಸಿದರು. “ನನಗ ತುತ್ತು ಎತ್ತಾಕ ಬರವಲ್ದು. ಆ ಕಲ್ಲಿನ ಮ್ಯಾಲ ನೀನs ಒಂದಿಷ್ಟು ಹಾಲು ಇಡು,” ಎಂದರು. ಗುರುವಿನ ಮಾತು, ಇಲ್ಲವೆನ್ನುವಂತಿಲ್ಲ. ದುಂಡವ್ವ ಒಡೆದ ಗಡಿಗೆಯ ತಳದ ಬೋಕಿಯಲ್ಲೇ ಹಾಲು ತಂದಿಟ್ಟಳು, ದೂರ ಕುಳಿತು ಬೈದಳು. “ಕುಡಿ. ನನ್ನ ಬೆಣ್ಣಿ ತಿಂದಾಕಿ, ನನ್ನ ಹಾಲೂ ಕುಡಿ. ನಿನ್ನ ಹೊಟ್ಟಿ ಸುಡಲಿ.”

ಕೈಯ ಬಾವು ಇಳಿದ ಮೇಲೂ ಅಜ್ಜನವರು ಆ ಕೆಲಸವನ್ನು ವಾಪಸು ಕೇಳಲಿಲ್ಲ. ದಿನಾ ಕಲ್ಲನ್ನು ಒಂದು ಗೇಣಿನಷ್ಟು ದುಂಡವ್ವನ ಕಡೆಗೆ ಸರಿಸಿ ಇಡುತ್ತಿದ್ದರು, ಅಷ್ಟೇ. ಮಾದೇವಿ ಹೆರಿಗೆಗೆ ತವರಿಗೆ ಹೋದಳು. ಮನೆಯಲ್ಲಿ ಕುಳಿತರೆ ದುಂಡವ್ವನಿಗೆ ಗಡಿಗೆ ಒಡೆದ ಸದ್ದೇ ಕಿವಿಯಲ್ಲಿ ಕೇಳುತ್ತಿತ್ತು. ಹೀಗಾಗಿ ಅವಳು ಚಪ್ಪರಕ್ಕೆ ಬೇಗ ಬರುತ್ತಿದ್ದಳು, ತಡವಾಗಿ ಹೋಗುತ್ತಿದ್ದಳು, ನಡುವೆ ಬೆಕ್ಕನ್ನು ಬೈಯುತ್ತಿದ್ದಳು. ಮಾರಿಗೆ ಆ ಬೈಗುಳ ಎಷ್ಟು ರೂಢಿಯಾಯಿತೆಂದರೆ ಅವಳು ಸುಮ್ಮನೆ ಕುಳಿತ ದಿನ ಅದು ಕಂಟಿಯಿಂದ ಹೊರಗೇ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಾಲು ಕುಡಿದ ಬೆಕ್ಕು ಓಡದೆ ನಿಂತಿತು. ದುಂಡವ್ವನ ಮೊಣಕಾಲಿಗೆ ಮೈ ತೀಡಿತು, ಏನೋ ಆಲೋಚಿಸಿ ಅವಳ ಮಡಿಲಿಗೆ ಹತ್ತಿ ಮುದುಡಿ ಮಲಗಿತು. ಅವಳ ಕೈ ತಾನಾಗಿ ಅದರ ಬೆನ್ನಿಗೆ ಹೋಯಿತು. ಅಲ್ಲಿ ಅಂಗೈಯಗಲ ಕೂದಲಿರಲಿಲ್ಲ, ಸುಟ್ಟು ಸುಕ್ಕಾದ ತೊಗಲು ಬೆರಳಿಗೆ ಹತ್ತಿತು. ಬಾವಿಕಟ್ಟೆಯ ಮೇಲೆ ಹೇಳಿ ನಕ್ಕದ್ದು ಅವಳಿಗೆ ನೆನಪಾಯಿತು. ದುಂಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ತನ್ನ ಮೇಲೆಯೇ ಅವಳಿಗೆ ಅಂದು ಬಂದ ಸಿಟ್ಟು ಅಲ್ಲಿಯವರೆಗೆ ಯಾರ ಮೇಲೂ ಬಂದಿರಲಿಲ್ಲ. ಅಜ್ಜನವರು ತಲೆ ಎತ್ತದೆ ಎಲೆ ಹಚ್ಚುತ್ತಲೇ ಇದ್ದರು.

ದೀಪಾವಳಿಯ ಹೊತ್ತಿಗೆ ತವರಿನಿಂದ ಸುದ್ದಿ ಬಂತು: ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಕ್ಷೇಮ. ಕೆಲವರು ಇದನ್ನು ಅಜ್ಜನವರ ಪವಾಡವೆಂದರು. ಸುದ್ದಿ ಹೇಳಲು ಓಡಿಬಂದ ದುಂಡವ್ವನಿಗೆ ಅವರು ಕೇಳಿದ್ದು ಒಂದೇ, “ಇವತ್ತ ಹಾಲು ತಂದೀಯಿಲ್ಲೋ?” ಅವಳು ಮರೆತಿದ್ದಳು, ಬಂದ ಹಾಗೆಯೇ ಹಾಲು ತರಲು ಮನೆಗೆ ಓಡಿದಳು.

ಮರುವರ್ಷ ಶ್ರಾವಣದ ಕಡೆಯ ಸೋಮವಾರ ಹೆಂಗಸರೆಲ್ಲ ಗಡಿಗೆ ಹೊತ್ತು ಮಠಕ್ಕೆ ಬಂದರು. ದುಂಡವ್ವ ಮೆಟ್ಟಿಲ ಪಕ್ಕದಲ್ಲಿ ಕುಳಿತಿದ್ದಳು. ಮಡಿಲಲ್ಲಿ ಬೆಕ್ಕು, ಪಕ್ಕದಲ್ಲಿ ಕೂಸನ್ನೆತ್ತಿಕೊಂಡ ಮಾದೇವಿ. ತಾರವ್ವ ತನ್ನ ಗಡಿಗೆಯನ್ನು ಆದಷ್ಟು ದೂರಕ್ಕೆ ಸರಿಸಿ, ಜೊತೆಯವಳಿಗೆ ಕೇಳುವಂತೆ ಪಿಸುಗುಟ್ಟಿದಳು: “ಮೀಸಲ ಗಡಿಗಿ ಒಡದಾಕಿ ಆಕಿ. ಹತ್ರ ಹೋಗಬ್ಯಾಡ.”

ದುಂಡವ್ವ ಬೆಕ್ಕಿನ ಬೆನ್ನಿನ ಮೇಲಿಂದ ಕೈ ತೆಗೆಯಲಿಲ್ಲ.

“ಹೂಂ ಯವ್ವಾ, ಒಡದಾಕಿ ನಾನs,” ಎಂದಳು. “ಇನ್ನೊಂದು ಜೀವ ಸಿಕ್ಕೊಳ್ಳಲಿ, ನಿನ್ನದೂ ಒಡೀತೀನಿ.”